ಮಡಿಕೇರಿಯಿಂದ ಲಂಡನ್ನಿಗೆ: ಒಂದು ಕಾದಂಬರಿ ತೋರಿದ ಚರಿತ್ರೆ



ಯೂಲೆಸ್‌ನ ನಮ್ಮ ಮನೆಯ ಕಪಾಟಿನಲ್ಲಿ ವೈದ್ಯಶಾಸ್ತ್ರದ ದಪ್ಪ ಗ್ರಂಥಗಳ ಪಕ್ಕದಲ್ಲೇ ಒಂದು ಸಾಲು ಕನ್ನಡ ಪುಸ್ತಕಗಳಿವೆ. ಊರಿಗೆ ಹೋಗಿ ಬಂದಾಗಲೆಲ್ಲ ಉಪ್ಪಿನಕಾಯಿ, ಚಟ್ನಿಪುಡಿಗಳ ನಡುವೆ ಜಾಗ ಮಾಡಿ ತಂದವು ಅವು. ಅವುಗಳಲ್ಲಿ ಐತಿಹಾಸಿಕ ಕಾದಂಬರಿಗಳ ಮೇಲೆ ನಮಗೆ ವಿಶೇಷ ಅಕ್ಕರೆ. ಚಿತ್ರದುರ್ಗದ ಪತನವನ್ನು ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಅಲ್ಲಿದೆ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್ ಅವರು ಹೊಯ್ಸಳ ರಾಣಿಯನ್ನು ಕುರಿತು ಬರೆದ ‘ಶಾಂತಲಾ’ ಇದೆ. ಆದರೆ ನಾವು ಮತ್ತೆ ಮತ್ತೆ ಕೈಗೆತ್ತಿಕೊಳ್ಳುವುದು ಮಾಸ್ತಿಯವರ ‘ಚಿಕವೀರ ರಾಜೇಂದ್ರ’. 1956ರಲ್ಲಿ ಪ್ರಕಟವಾದ ಈ ಕೃತಿ ಅವರಿಗೆ 1983ರ ಜ್ಞಾನಪೀಠ ಪ್ರಶಸ್ತಿಯನ್ನು ತಂದಿತು.

ಕಾಲೇಜಿನ ದಿನಗಳಲ್ಲಿ ಇದನ್ನು ಓದಿದಾಗ ಕೊಡಗಿನ ಕೊನೆಯ ಅರಸನ ಮೇಲೆ ನಮಗೆ ಬಂದದ್ದು ಬರಿಯ ಸಿಟ್ಟು. ಅವನ ಕ್ರೌರ್ಯ, ಕುಂಟ ಬಸವನ ಸಹವಾಸ, ಮಂತ್ರಿ ಬೋಪಣ್ಣನ ಮನಸ್ಸು ಮುರಿದ ಬಗೆ, ಎಲ್ಲವೂ ಹೇಸಿಗೆ ಹುಟ್ಟಿಸಿದ್ದವು. ಹಲವು ವರ್ಷ ರೋಗಿಗಳನ್ನು ಕಂಡ ಮೇಲೆ ಓದಿದಾಗ, ಕುಡಿತಕ್ಕೂ ಸಂಶಯಕ್ಕೂ ಸಿಕ್ಕಿ ಮನೆಯನ್ನೂ ನಾಡನ್ನೂ ಕಳೆದುಕೊಂಡ ಮನುಷ್ಯನೊಬ್ಬ ಕಾಣಿಸಿದನು. ಮಾಸ್ತಿಯವರು ಅವನ ತಪ್ಪನ್ನು ಮುಚ್ಚಿಡುವುದಿಲ್ಲ. ಅವನನ್ನು ದ್ವೇಷಿಸುವುದೂ ಇಲ್ಲ.

ಕಾದಂಬರಿಯನ್ನು ಮುಗಿಸಿದ ಮೇಲೆ ಚರಿತ್ರೆಯನ್ನು ಹುಡುಕಿ ಓದಿದೆವು. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ವಶಪಡಿಸಿಕೊಂಡು ಅರಸನನ್ನು ಕಾಶಿಗೆ ಕಳುಹಿಸಿತು. 1852ರಲ್ಲಿ ಅವನು ಕಂಪನಿಯಿಂದ ತನಗೆ ಬರಬೇಕಾದ ಹಣವನ್ನು ಕೇಳಲು, ಸುಮಾರು ಹನ್ನೊಂದು ವರ್ಷದ ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋದನು. ಆಕೆ ಅಲ್ಲಿ ಕ್ರೈಸ್ತಳಾದಳು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ಹುಡುಗಿ ಇಂಗ್ಲಿಷ್ ಪಾಲಕರ ಕೈಯಲ್ಲಿ ಬೆಳೆದಳು. 1859ರಲ್ಲಿ ಅರಸ ಲಂಡನ್ನಿನಲ್ಲೇ ತೀರಿಕೊಂಡನು. ಇಂಗ್ಲಿಷ್ ಅಧಿಕಾರಿಯೊಬ್ಬನನ್ನು ಮದುವೆಯಾಗಿ ಒಬ್ಬ ಮಗಳ ತಾಯಿಯಾದ ಗೌರಮ್ಮ 1864ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲೇ, ಕ್ಷಯರೋಗಕ್ಕೆ ಬಲಿಯಾದಳು.

ಈ ಕಥೆಯನ್ನು ಹೇಳಿದಾಗ ನಮ್ಮ ಮಗಳು ಕೇಳಿದಳು: “ಅಪ್ಪಾ, ಅವಳು ತನ್ನ ಅಪ್ಪನ ಹತ್ತಿರ ಯಾವ ಭಾಷೆಯಲ್ಲಿ ಮಾತಾಡ್ತಿದ್ದಳು?” ಅವಳಿಗೂ ಆಗ ಹನ್ನೊಂದು ವರ್ಷ. ಅವಳು ಈ ಪ್ರಶ್ನೆಯನ್ನು ಕೇಳಿದ್ದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ತಿರುಗಿಸಿ ಇಲ್ಲಿ ಬರೆದವರು ನಾವು.

ಹಾಲೇರಿ ಅರಸರ ಆಸ್ಥಾನದ ಭಾಷೆ ಕನ್ನಡ. ಆ ವಂಶದ ಚರಿತ್ರೆಯಾದ ‘ರಾಜೇಂದ್ರನಾಮೆ’ ರಚಿತವಾದದ್ದೂ ಕನ್ನಡದಲ್ಲೇ. ಅಂಥ ಮನೆಯ ಕೂಸನ್ನು ಅನ್ಯರು ತಮ್ಮ ರೀತಿಯಲ್ಲಿ ಬೆಳೆಸಿದರು. ನಮ್ಮ ಮಕ್ಕಳನ್ನಾದರೋ ಬೆಳೆಸುತ್ತಿರುವವರು ನಾವೇ. ನಮ್ಮನ್ನು ಯಾರೂ ಗಡೀಪಾರು ಮಾಡಿಲ್ಲ, ಇಷ್ಟಪಟ್ಟು ಬಂದೆವು. ನಮ್ಮ ಮನೆಯಲ್ಲಿ ಕನ್ನಡ ನಿಂತುಹೋದರೆ ಕಂಪನಿ ಸರ್ಕಾರವನ್ನು ದೂರುವಂತಿಲ್ಲ.

ಅಂದಿನಿಂದ ರಾತ್ರಿಯ ಊಟವಾದ ಮೇಲೆ ಎರಡು ಪುಟ ಗಟ್ಟಿಯಾಗಿ ಓದುವ ರೂಢಿಯನ್ನು ಇಟ್ಟುಕೊಂಡಿದ್ದೇವೆ. ಆಸ್ಪತ್ರೆಯ ಕರೆ ಬಂದ ದಿನ ತಪ್ಪುವುದುಂಟು. ಆಗ ಮಗಳೇ ಮರುದಿನ ನೆನಪಿಸುತ್ತಾಳೆ, ಅರ್ಧ ಕನ್ನಡದಲ್ಲಿ. ಮುಂದಿನ ಸಲ ಊರಿಗೆ ಹೋದಾಗ ತಾವೂ ಪೆಟ್ಟಿಗೆಯಲ್ಲಿ ಒಂದು ಪುಸ್ತಕಕ್ಕೆ ಜಾಗ ಮಾಡಿರೆಂದು ವಿನಂತಿ.