ಅನ್ನಭೇದಿಯೂ ಕೇಪಳದ ಹಳದಿ ಎಲೆಯೂ

ಯರಗಟ್ಟಿಯ ಸುತ್ತಣ ನೆಲ ಎರೆಭೂಮಿ. ಜೋಳ, ಕಡಲೆ, ಹತ್ತಿಗಳ ಮಟ್ಟಿಗೆ ಬಂಗಾರದಂಥ ಮಣ್ಣು. ಆದರೆ ಮಳೆನಾಡಿನಿಂದ ಬಂದ ಗಿಡವನ್ನು ಇದೇ ಮಣ್ಣು ತುಂಬಿದ ಕುಂಡದಲ್ಲಿ ನೆಟ್ಟರೆ, ಎರಡು ಮೂರು ತಿಂಗಳಲ್ಲಿ ಅದರ ಚಿಗುರೆಲೆಗಳು ಹಳದಿಗೆ ತಿರುಗತೊಡಗುತ್ತವೆ.

ನಮ್ಮ ಓಣಿಯ ಮನೆಯೊಂದಕ್ಕೆ ಕುಮಟೆಯ ಕಡೆಯಿಂದ ಸೊಸೆಯಾಗಿ ಬಂದ ಹೆಣ್ಣುಮಗಳು ತವರಿನಿಂದ ಕೇಪಳದ ಗಿಡವೊಂದನ್ನು ತಂದು ಪಡಸಾಲೆಯ ಅಂಚಿನಲ್ಲಿ ಇಟ್ಟಿದ್ದಳು. ಅದು ಹಳದಿಯಾದಾಗ ಮನೆಯ ಹಿರಿಯರು ಅಪಶಕುನವೆಂದರು, ಕಿತ್ತೆಸೆಯಲು ಹೇಳಿದರು. ನೆರೆಯವರು ಯೂರಿಯಾ ಹಾಕೆಂದರು. ಆಕೆ ದಿನಕ್ಕೆರಡು ಸಲ ಕೊಳವೆಬಾವಿಯ ನೀರು ಹನಿಸಿದಳು. ಗಿಡ ಇನ್ನಷ್ಟು ಬಿಳಿಚಿಕೊಂಡಿತು. ಅದಕ್ಕೆ ಬೇಕಾಗಿದ್ದದ್ದು ಇದಾವುದೂ ಅಲ್ಲ.

ಕೇಪಳ ಸಾಮಾನ್ಯ ಗಿಡವೇನಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾದ ‘ಹಾರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಅದರ ಚಿತ್ರವಿದೆ. 1753ರಲ್ಲಿ ಲಿನೇಯಸ್ ಅದಕ್ಕೆ ‘ಇಕ್ಸೋರಾ’ ಎಂಬ ಕುಲನಾಮ ಕೊಟ್ಟ. ಅದು ನಮ್ಮ ‘ಈಶ್ವರ’ ಶಬ್ದವೇ ಪರದೇಶದ ಬಾಯಲ್ಲಿ ತಿರುಚಿಕೊಂಡ ರೂಪ. ಈ ಗಿಡ ಹುಟ್ಟಿ ಬೆಳೆದದ್ದು ಹುಳಿ ಗುಣದ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ. ನಮ್ಮ ಎರೆಯಲ್ಲಾದರೋ ಸುಣ್ಣದ ಅಂಶ ಹೆಚ್ಚು. ಕಬ್ಬಿಣ ಮಣ್ಣಿನಲ್ಲಿ ಹೇರಳವಾಗಿದ್ದರೂ ಸುಣ್ಣವಿರುವಲ್ಲಿ ಅದು ಕರಗದು. ಕರಗದ್ದನ್ನು ಬೇರು ಹೀರಲಾರದು. ಉಂಡೆನೆಂದರೆ ಎದುರಿಗೆ ಎಡೆಯಿದೆ, ಕೈಗೆ ನಿಲುಕದು!

ಇದರ ಮದ್ದನ್ನು ಕಂಡುಹಿಡಿದವನು ಯೂಜೀನ್ ಅಲ್ಲ, ಯೂಸೆಬ್ ಗ್ರಿಸ್ ಎಂಬ ಫ್ರೆಂಚ್ ರಸಾಯನಜ್ಞ (ಹೆಸರು ತಪ್ಪಾಗಿ ಬರೆಯುವವರುಂಟು). ಆ ಕಾಲದಲ್ಲಿ ರಕ್ತಹೀನತೆಯಿಂದ ಬಿಳಿಚಿಕೊಂಡ ಹುಡುಗಿಯರ ಕಾಯಿಲೆಗೂ ಗಿಡಗಳ ಈ ಹಳದಿಗೂ ‘ಕ್ಲೋರೋಸಿಸ್’ ಎಂಬ ಒಂದೇ ಹೆಸರಿತ್ತು. 1832ರಲ್ಲಿ ಬ್ಲೋ ಎಂಬ ವೈದ್ಯ ಹುಡುಗಿಯರಿಗೆ ಕಬ್ಬಿಣದ ಲವಣದ ಗುಳಿಗೆ ಕೊಟ್ಟು ಹೆಸರಾಗಿದ್ದ. 1843ರ ಸುಮಾರಿಗೆ ಗ್ರಿಸ್ ಅಂಥದೇ ಲವಣದ ನೀರನ್ನು ಹಳದಿ ಎಲೆಗಳಿಗೆ ಹಚ್ಚಿದ, ಅವು ಹಸಿರಾದವು. ಅವನ ಮಗ ಆರ್ಥರ್ ಗ್ರಿಸ್ 1857ರಲ್ಲಿ ಸೂಕ್ಷ್ಮದರ್ಶಕದಲ್ಲಿ ಎಲೆಯೊಳಗಿನ ಹಸಿರು ಕಣಗಳು ಚೇತರಿಸಿಕೊಳ್ಳುವುದನ್ನು ಕಂಡ. ವಿಚಿತ್ರವೆಂದರೆ ಪತ್ರಹರಿತ್ತಿನಲ್ಲಿ ಕಬ್ಬಿಣವೇ ಇಲ್ಲ, ಇರುವುದು ಮೆಗ್ನೀಸಿಯಮ್. ಆದರೆ ಕಬ್ಬಿಣವಿಲ್ಲದೆ ಪತ್ರಹರಿತ್ತು ತಯಾರಾಗದು.

ಆ ಲವಣ ನಮಗೆ ಹೊಸದಲ್ಲ. ಅದೇ ಅನ್ನಭೇದಿ. ಅಳಲೆಕಾಯಿಯ ಕಷಾಯಕ್ಕೆ ಈ ತಿಳಿಹಸಿರು ಹರಳನ್ನು ಬೆರೆಸಿ ಮಸಿ ಮಾಡುತ್ತಿದ್ದ ಪದ್ಧತಿಯನ್ನು ಹಿರಿಯ ಓದುಗರು ಬಲ್ಲರು. ಅಕ್ಷರವನ್ನು ಕಪ್ಪಾಗಿಸಿದ ಹರಳೇ ಎಲೆಯನ್ನು ಹಸಿರಾಗಿಸುತ್ತದೆ.

ಎಲ್ಲ ಹಳದಿಯೂ ಒಂದೇ ಅಲ್ಲವೆಂಬುದನ್ನು ಮೊದಲು ಗಮನಿಸಬೇಕು. ಬುಡದ ಹಳೆಯ ಎಲೆಗಳು ಪೂರ್ತಿ ಹಳದಿಯಾದರೆ ನೀರು ಹೆಚ್ಚಾಗಿರಬಹುದು, ಇಲ್ಲವೆ ಸಾರಜನಕದ ಕೊರತೆ. ತುದಿಯ ಎಳೆಯ ಎಲೆಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಣ ಭಾಗ ಹಳದಿಯಾದರೆ ಅದು ಕಬ್ಬಿಣದ ಹಸಿವು. ಆ ಹೆಣ್ಣುಮಗಳ ಗಿಡದ್ದು ಈ ಎರಡನೆಯ ಬಗೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು ಸೇರಿಸಿ, ಬಿಸಿಲಿಳಿದ ಮೇಲೆ ಎಲೆಗೆ ಸಿಂಪಡಿಸಲು ತಿಳಿಸಿದೆ. ಅನ್ನಭೇದಿಯನ್ನು ಎರೆಮಣ್ಣಿಗೇ ಸುರಿದರೆ ಬೇಗನೆ ತುಕ್ಕಾಗಿ ವ್ಯರ್ಥವಾಗುತ್ತದೆ. ಕುಂಡಕ್ಕೆ ಕೆಂಪುಮಣ್ಣು, ಎಲೆಗೊಬ್ಬರ ತುಂಬಿದೆವು. ಒಲೆಯ ಬೂದಿ ಹಾಕುವುದನ್ನು ನಿಲ್ಲಿಸಿ, ಗಡಸು ನೀರಿನ ಬದಲು ಮಳೆನೀರು ಹಿಡಿದಿಟ್ಟು ಉಣಿಸಿದಳು. ಎರಡು ವಾರಕ್ಕೊಮ್ಮೆಯಂತೆ ಮೂರು ಸಿಂಪರಣೆ ಆಗುವಷ್ಟರಲ್ಲಿ ಹೊಸ ಚಿಗುರು ಹಸಿರಾಗಿ ಬಂತು. ಕಿತ್ತೆಸೆಯುವ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಇದು ಕುಂಡದ ಸಂಗತಿ ಮಾತ್ರವೇ? ಸುಣ್ಣ ಹೆಚ್ಚಿರುವ ಎರೆಹೊಲಗಳಲ್ಲಿ ಶೇಂಗಾ ಇದೇ ರೀತಿ ಹಳದಿಯಾಗುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದನ್ನು ತಾಳಿಕೊಳ್ಳುವ ಶೇಂಗಾ ತಳಿಗಳ ಬಗ್ಗೆ ಸಂಶೋಧನೆ ನಡೆಸಿದೆ. ಹಳದಿ ಕಂಡೊಡನೆ ಯೂರಿಯಾ ಚೀಲ ತರಲು ಹೊರಡುವ ರೈತ ಬಾಂಧವರು, ಹೊರಡುವ ಮುನ್ನ ಒಂದು ಎಳೆಯ ಎಲೆ ಕಿತ್ತು ಬೆಳಕಿಗೆ ಹಿಡಿದು ಅದರ ನರಗಳನ್ನು ನೋಡಲಿ.