ತಂಗಿಗಾಗಿ ಬರೆದ ನಿಘಂಟು, ಮಳಖೇಡದಲ್ಲಿ ಬರೆದ ಪುರಾಣ

ಮಾಳವದ ಪರಮಾರ ದೊರೆ ಸೀಯಕನ ಸೈನ್ಯವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು ಸೂರೆಗೊಂಡುದು ಕ್ರಿ.ಶ. 972ರಲ್ಲಿ. ಈ ವರ್ಷವನ್ನು ನಿರ್ಧರಿಸಲು ಇತಿಹಾಸಕಾರರು ಅವಲಂಬಿಸುವ ಮುಖ್ಯ ಆಧಾರವು ಯುದ್ಧದ ಪ್ರಶಸ್ತಿಯಲ್ಲ, ಭಾಷೆ ಕಲಿಯುವವರಿಗೆಂದು ರಚಿತವಾದ ಒಂದು ಪುಟ್ಟ ಪದಕೋಶ. ಧಾರಾನಗರದ ಧನಪಾಲನು ತನ್ನ ತಂಗಿ ಸುಂದರಿಗಾಗಿ ‘ಪಾಇಯಲಚ್ಛೀ ನಾಮಮಾಲಾ’ ಎಂಬ ಪ್ರಾಕೃತ ನಿಘಂಟನ್ನು ಬರೆದು, ಕೃತಿಯ ಕೊನೆಯಲ್ಲಿ ಅದರ ಕಾಲವನ್ನು ಹೇಳುವಾಗ ವಿಕ್ರಮ ಸಂವತ್ಸರ 1029 ಎಂಬುದರ ಜೊತೆಗೆ, ಮಾಳವದವರು ಮಾನ್ಯಖೇಟವನ್ನು ಲೂಟಿ ಮಾಡಿದ ಸಮಯವದು ಎಂದೂ ನಮೂದಿಸಿದನು. ತನ್ನ ಹೆಸರನ್ನಾದರೋ ನಾಲ್ಕು ಪದಗಳ ಕೊನೆಯ ಅಕ್ಷರಗಳಲ್ಲಿ ಅಡಗಿಸಿಟ್ಟನು. ಕನ್ನಡ ನಾಡಿನ ಒಂದು ಮಹಾನಗರದ ನಾಶವು ಹೀಗೆ ಒಬ್ಬ ಹೆಣ್ಣುಮಗಳ ಪಾಠಪುಸ್ತಕದಲ್ಲಿ ದಾಖಲಾಗಿ ಉಳಿಯಿತು.

ಸುಂದರಿಗೆ ನಿಘಂಟು ಏಕೆ ಬೇಕಾಯಿತು? ಹತ್ತನೆಯ ಶತಮಾನದ ವೇಳೆಗೆ ಸಾಹಿತ್ಯಿಕ ಪ್ರಾಕೃತವು ಯಾರ ಮನೆಮಾತೂ ಆಗಿರಲಿಲ್ಲ. ಅದನ್ನು ಕಲಿಯಬೇಕಾದವರಿಗೆ ವರರುಚಿಯ ‘ಪ್ರಾಕೃತಪ್ರಕಾಶ’ದಂತಹ ವ್ಯಾಕರಣಗಳಿದ್ದವು. ಆದರೆ ಆ ವ್ಯಾಕರಣಗಳು ಸಂಸ್ಕೃತ ಬಲ್ಲವನನ್ನು ಮುಂದಿಟ್ಟುಕೊಂಡು, ಸಂಸ್ಕೃತದ ಯಾವ ಧ್ವನಿ ಪ್ರಾಕೃತದಲ್ಲಿ ಏನಾಗುತ್ತದೆ ಎಂಬುದನ್ನು ಮಾತ್ರ ತಿಳಿಸುತ್ತವೆ. ಸಂಸ್ಕೃತದಿಂದ ಸಾಧಿಸಲಾಗದ ದೇಶ್ಯ ಪದ ಎದುರಾದೊಡನೆ ಸೂತ್ರಗಳು ಕೈಬಿಡುತ್ತವೆ. ಅಲ್ಲಿ ಗುರುಮುಖವೊಂದೇ ಗತಿ, ಇಲ್ಲವೇ ಕೋಶ. ಉಪಲಬ್ಧ ಪ್ರಾಕೃತ ಕೋಶಗಳಲ್ಲಿ ಧನಪಾಲನದೇ ಅತ್ಯಂತ ಹಳೆಯದು. ಸುಮಾರು 280 ಗಾಥೆಗಳ ಈ ಕೃತಿ ಮೊದಲು ಒಂದೊಂದು ವಸ್ತುವಿಗೆ ಇಡೀ ಗಾಥೆಯಷ್ಟು ಪರ್ಯಾಯ ಪದಗಳನ್ನು ಕೊಡುತ್ತದೆ, ಬಳಿಕ ಅರ್ಧ ಗಾಥೆ, ಆಮೇಲೆ ಒಂದು ಪಾದ, ಕೊನೆಗೆ ಬಿಡಿಪದ. ಕಂಠಪಾಠ ಮಾಡುವವರ ಅನುಕೂಲವನ್ನು ಬಲ್ಲವನ ಕ್ರಮವಿದು. 1879ರಲ್ಲಿ ಜರ್ಮನ್ ವಿದ್ವಾಂಸ ಗೇಯೋರ್ಗ್ ಬ್ಯೂಲರ್ ಇದನ್ನು ಸಂಪಾದಿಸಿ ಅಚ್ಚು ಹಾಕಿಸಿದರು.

ಇತ್ತ, ಲೂಟಿಗೊಳಗಾದ ನಗರದಲ್ಲಿ ಏನು ನಡೆದಿತ್ತು? ಇಂದಿನ ಸೇಡಂ ತಾಲ್ಲೂಕಿನ ಮಳಖೇಡವೇ ಅಂದಿನ ಮಾನ್ಯಖೇಟ. ಕಾಗಿಣಾ ನದಿಯ ದಂಡೆಯ ಕೋಟೆ, ನೇಮಿನಾಥ ಬಸದಿ, ಇಷ್ಟರಲ್ಲಿ ಹಳೆಯ ವೈಭವವನ್ನು ಊಹಿಸಿಕೊಳ್ಳಬೇಕು. ಚಂದ್ರಂಪಳ್ಳಿ, ಚಿಂಚೋಳಿಗಳಿಂದ ಚಿತ್ತಾಪುರ, ವಾಡಿ, ಶಹಾಬಾದಗಳವರೆಗೆ ಕನ್ನಡ, ತೆಲುಗು, ದಖನಿ, ಲಂಬಾಣಿ ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ಸೀಮೆ ಸಾವಿರ ವರ್ಷಗಳ ಹಿಂದೆಯೂ ಏಕಭಾಷೆಯದಾಗಿರಲಿಲ್ಲ. ಮುಮ್ಮಡಿ ಕೃಷ್ಣನ ಆಶ್ರಯದಲ್ಲಿ ಪೊನ್ನನು ಕನ್ನಡದಲ್ಲಿ ಬರೆಯುತ್ತಿದ್ದನು. ಅದೇ ದೊರೆಯ ಮಂತ್ರಿ ಭರತನ ಮನೆಯಲ್ಲಿ ಪುಷ್ಪದಂತನು ಅಪಭ್ರಂಶದಲ್ಲಿ ಬರೆಯುತ್ತಿದ್ದನು.

ಪುಷ್ಪದಂತ ಹೊರಗಿನಿಂದ ಬಂದವನು. ಬ್ರಾಹ್ಮಣ ದಂಪತಿಗಳಾದ ಕೇಶವ ಮತ್ತು ಮುಗ್ಧಾದೇವಿಯರ ಮಗ. ಮೊದಲು ಶೈವ, ಆಮೇಲೆ ಜೈನ. ದಾರಿ ನಡೆದು ದಣಿದು ಊರ ಹೊರಗಿನ ತೋಟದಲ್ಲಿ ಕುಳಿತಿದ್ದ ಅವನನ್ನು ಇಬ್ಬರು ನಗರದೊಳಕ್ಕೆ ಕರೆದಾಗ, ದುರ್ಜನರ ಗಂಟುಮುಖ ನೋಡುವುದಕ್ಕಿಂತ ಬೆಟ್ಟದ ಗುಹೆಯೇ ಲೇಸೆಂಬ ಅರ್ಥದ ಮಾತನ್ನಾಡಿದನಂತೆ. ಇದನ್ನು ಕವಿಯೇ ಹೇಳಿಕೊಂಡಿದ್ದಾನೆ. ‘ಅಭಿಮಾನಮೇರು’ ಎಂಬ ಅವನ ಬಿರುದು ಸುಮ್ಮನೆ ಬಂದುದಲ್ಲ. ಭರತನ ಆಗ್ರಹದಿಂದ 959ರಲ್ಲಿ ಆರಂಭಿಸಿದ ‘ಮಹಾಪುರಾಣ’ವು 965ರಲ್ಲಿ ಮುಗಿಯಿತು, 102 ಸಂಧಿಗಳು. ಭರತನ ಮಗ ನನ್ನನ ಆಶ್ರಯದಲ್ಲಿ ‘ಣಾಯಕುಮಾರಚರಿಉ’, ‘ಜಸಹರಚರಿಉ’ ಎಂಬ ಇನ್ನೆರಡು ಕಾವ್ಯಗಳು ಹುಟ್ಟಿದವು. ಮಹಾಪುರಾಣದ ಕೆಲವು ಪ್ರತಿಗಳಲ್ಲಿ ಸಂಧಿಯ ಆದಿಯಲ್ಲಿ ಒಂದು ಸಂಸ್ಕೃತ ಪದ್ಯವಿದೆ. ಧಾರೆಯ ಒಡೆಯನ ಕೋಪಾಗ್ನಿಗೆ ಮಾನ್ಯಖೇಟ ಬೆಂದುಹೋಯಿತು, ಇನ್ನು ಪುಷ್ಪದಂತನು ಎಲ್ಲಿ ನೆಲೆಸಬೇಕು ಎಂಬುದು ಅದರ ತಾತ್ಪರ್ಯ. ಗ್ರಂಥ ಮುಗಿದ ಏಳು ವರ್ಷಗಳ ಮೇಲೆ ನಡೆದ ಘಟನೆಯಾದ್ದರಿಂದ ಆ ಪದ್ಯ ನಂತರ ಸೇರಿದ್ದೆಂಬುದು ಸ್ಪಷ್ಟ. ಧಾರೆಯಲ್ಲಿ ಸುಂದರಿಯ ಕೈಗೆ ನಿಘಂಟು ಬಂದ ವರ್ಷವೂ ಮಳಖೇಡದಲ್ಲಿ ಕವಿ ನೆಲೆ ತಪ್ಪಿದ ವರ್ಷವೂ ಒಂದೇ.

ಇದರ ಮುಂದುವರಿಕೆ ಇನ್ನೂ ವಿಚಿತ್ರ. ಪುಷ್ಪದಂತನ ಭಾಷೆ ಬೇಗನೆ ಕಠಿಣವಾಯಿತು. ಕೃತಿ ರಚನೆಯಾಗಿ ಸುಮಾರು ನೂರು ವರ್ಷಗಳಾಗುವಷ್ಟರಲ್ಲಿ ಅದಕ್ಕೆ ಸಂಸ್ಕೃತದಲ್ಲಿ ಟಿಪ್ಪಣ ಬೇಕಾಯಿತು. ಅದನ್ನು ಬರೆದ ಪ್ರಭಾಚಂದ್ರನು ಭೋಜನ ಉತ್ತರಾಧಿಕಾರಿ ಜಯಸಿಂಹನ ಕಾಲದವನು, ಧಾರಾನಿವಾಸಿ! ಮಳಖೇಡವನ್ನು ಸೂರೆಗೊಂಡ ಊರಿನಲ್ಲಿಯೇ ಮಳಖೇಡದ ಕಾವ್ಯವನ್ನು ಪದ ಬಿಡಿಸಿ ಓದುವವರು ಇದ್ದರು.

ಬಳಿಕ ಅಪಭ್ರಂಶವು ವಿದ್ವತ್ ಲೋಕದ ಕಣ್ಣಿನಿಂದ ಬಹುಮಟ್ಟಿಗೆ ಮರೆಯಾಯಿತು. 1900ರಲ್ಲಿ ಪ್ರಾಕೃತ ಭಾಷೆಗಳ ಮಹಾವ್ಯಾಕರಣವನ್ನು ಪ್ರಕಟಿಸಿದ ರಿಚರ್ಡ್ ಪಿಶೆಲ್ ಅವರು 1902ರಲ್ಲಿ ಅಪಭ್ರಂಶದ ಅರಿವಿಗೆ ಬೇಕಾದ ಸಾಮಗ್ರಿಯನ್ನು ಒಂದೆಡೆ ಕೂಡಿಸಿದರು. ಹೇಮಚಂದ್ರನ ವ್ಯಾಕರಣದ ಉದಾಹರಣೆಗಳು, ಕಾಳಿದಾಸನ ‘ವಿಕ್ರಮೋರ್ವಶೀಯ’ದ ನಾಲ್ಕನೆಯ ಅಂಕದ ಪದ್ಯಗಳು, ಅಲಂಕಾರ ಗ್ರಂಥಗಳಲ್ಲಿ ಚದುರಿದ ಬಿಡಿ ಪದ್ಯಗಳು: ಇಷ್ಟೇ ಅವರ ಬಂಡವಾಳ. ಒಂದು ಇಡಿಯ ಕಾವ್ಯವೂ ಅವರ ಕೈಸೇರಿರಲಿಲ್ಲ. ಇಷ್ಟು ಅಲ್ಪ ಸಾಮಗ್ರಿಯಿಂದ ಒಂದು ಭಾಷೆಯ ವ್ಯಾಕರಣವನ್ನು ಕಟ್ಟಿದ ಅವರ ಸಾಹಸವನ್ನು ಅದರ ತಪ್ಪುಗಳಿಂದ ಅಳೆಯುವುದು ನ್ಯಾಯವಲ್ಲ. ಕಲ್ಕತ್ತೆಯಲ್ಲಿ ಪ್ರಾಕೃತ ಕುರಿತು ಉಪನ್ಯಾಸ ನೀಡಲು ಬರುತ್ತಿದ್ದ ಪಿಶೆಲ್ 1908ರಲ್ಲಿ ಮದರಾಸಿನಲ್ಲಿ ನಿಧನರಾದರು. ಆರು ವರ್ಷಗಳ ನಂತರ, 1914ರಲ್ಲಿ, ಹರ್ಮನ್ ಯಾಕೋಬಿ ಅವರಿಗೆ ಅಹಮದಾಬಾದಿನಲ್ಲಿ ಜೈನ ಮುನಿಯೊಬ್ಬರ ಬಳಿ ‘ಭವಿಸತ್ತಕಹಾ’ದ ಹಸ್ತಪ್ರತಿ ದೊರೆಯಿತು. ಅದನ್ನು ಬರೆದವನೂ ಧನಪಾಲನೇ, ಆದರೆ ಸುಂದರಿಯ ಅಣ್ಣನಲ್ಲ, ಬೇರೊಬ್ಬ. 1918ರಲ್ಲಿ ಯಾಕೋಬಿ ಅದನ್ನು ಮ್ಯೂನಿಕ್‌ನಲ್ಲಿ ಪ್ರಕಟಿಸಿದರು.

ಪುಷ್ಪದಂತನ ಸರದಿ ಬರಲು ಇನ್ನೂ ಕೆಲವು ಕಾಲ ಹಿಡಿಯಿತು. ಬೀರಾರದ ಕಾರಂಜಾ ಗ್ರಂಥಭಂಡಾರಗಳ ಪರಿಶೀಲನೆಯಿಂದ ಅಪಭ್ರಂಶ ಪ್ರತಿಗಳು ಬೆಳಕಿಗೆ ಬಂದವು. ಪ. ಲ. ವೈದ್ಯರು 1931ರಲ್ಲಿ ‘ಜಸಹರಚರಿಉ’ವನ್ನೂ, ಹೀರಾಲಾಲ ಜೈನರು 1933ರಲ್ಲಿ ‘ಣಾಯಕುಮಾರಚರಿಉ’ವನ್ನೂ ಸಂಪಾದಿಸಿದರು. ವೈದ್ಯರ ‘ಮಹಾಪುರಾಣ’ ಮೂರು ಸಂಪುಟಗಳಲ್ಲಿ 1937ರಿಂದ 1941ರವರೆಗೆ ಹೊರಬಂದಿತು. ಅದಕ್ಕೂ ಒಂದು ವರ್ಷ ಮುಂಚೆ, 1936ರಲ್ಲಿ, ಲುಡ್ವಿಗ್ ಆಲ್ಸ್‌ಡೋರ್ಫ್ ಅವರು ಅದರ ಹರಿವಂಶ ಭಾಗವನ್ನು ಹ್ಯಾಂಬರ್ಗ್‌ನಲ್ಲಿ ಪ್ರಕಟಿಸಿದ್ದರು. ಕಾಗಿಣಾ ತೀರದಲ್ಲಿ ಹುಟ್ಟಿದ ಕಾವ್ಯದ ಮಾತುಗಳನ್ನು ಎಲ್ಬಾ ತೀರದವರು ಒಂದೊಂದಾಗಿ ಬಿಡಿಸಿ ಕಲಿತರು. ಕಲಬುರಗಿ ಸೀಮೆಯಲ್ಲಿ ಅವನ ಹೆಸರನ್ನು ಕೇಳಿದವರು ಇಂದಿಗೂ ವಿರಳ.

ಕನ್ನಡ ನಾಡಿನ ಕಲಿಕೆಯ ದಾರಿ ಬೇರೆಯೇ ಆಗಿತ್ತು. ರಾಷ್ಟ್ರಕೂಟರ ಕಾಲದಲ್ಲಿ ವೀರಸೇನ, ಜಿನಸೇನರು ಪ್ರಾಕೃತ ಸಂಸ್ಕೃತಗಳನ್ನು ಬೆರೆಸಿ ರಚಿಸಿದ ‘ಧವಲಾ’, ‘ಜಯಧವಲಾ’ ಟೀಕೆಗಳ ತಾಳೆಗರಿಗಳು ಮೂಡಬಿದಿರೆಯಲ್ಲಿ ಹಳೆಗನ್ನಡ ಲಿಪಿಯಲ್ಲಿ ಉಳಿದವು. ಲಿಪಿಯನ್ನು ಓದಬಲ್ಲವರು ಒಂದು ಕಡೆ, ಭಾಷೆಯನ್ನು ಬಲ್ಲ ಉತ್ತರದ ಪಂಡಿತರು ಇನ್ನೊಂದು ಕಡೆ. ಹೀರಾಲಾಲ ಜೈನರ ನೇತೃತ್ವದಲ್ಲಿ 1939ರಲ್ಲಿ ಆರಂಭವಾದ ‘ಧವಲಾ’ ಪ್ರಕಟಣೆ ಹದಿನಾರು ಸಂಪುಟಗಳಾಗುವಷ್ಟರಲ್ಲಿ ಇಬ್ಬರಿಗೂ ಒಬ್ಬರ ನೆರವಿಲ್ಲದೆ ಇನ್ನೊಬ್ಬರಿಗೆ ನಡೆಯದೆಂಬುದು ಅರಿವಾಗಿತ್ತು. ಅಪಭ್ರಂಶಕ್ಕೂ ಕನ್ನಡದವರ ಸಾಧನವೆಂದರೆ ಟೀಕೆಯೇ. ಜೋಇಂದುವಿನ ‘ಪರಮಾತ್ಮಪ್ರಕಾಶ’ಕ್ಕೆ ಬಾಲಚಂದ್ರನ ಕನ್ನಡ ವ್ಯಾಖ್ಯಾನವಿದೆ. ವ್ಯಾಕರಣ ಕಲಿಯದೆ, ಕೋಶ ತೆರೆಯದೆ, ಪದಕ್ಕೆ ಪದವಿಟ್ಟು ಗ್ರಂಥದ ಒಳಹೋಗುವ ದಾರಿ ಅದು. ನಿಧಾನವಾದರೂ ಬಸದಿಗಳಲ್ಲಿ ಶತಮಾನಗಳ ಕಾಲ ನಡೆದ ದಾರಿ.

1937ರಲ್ಲಿ ಆ ಗ್ರಂಥವನ್ನು ಸಂಪಾದಿಸಿದ ಆ. ನೇ. ಉಪಾಧ್ಯೆ ಅವರು ಚಿಕ್ಕೋಡಿ ತಾಲ್ಲೂಕಿನ ಸದಲಗದವರು, ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಕನ್ನಡ ಬಲ್ಲವನು ಪ್ರಾಕೃತ ಕೋಶವನ್ನು ತೆರೆದರೆ ಏನು ಕಾಣುತ್ತದೆಂಬುದನ್ನು ಅವರು ಅದಕ್ಕೆ ಮುಂಚೆಯೇ, 1931ರ ಒಂದು ಲೇಖನದಲ್ಲಿ, ತೋರಿಸಿದ್ದರು. ದೇಶೀ ಕೋಶಗಳಲ್ಲಿರುವ ಕನ್ನಡ ಪದಗಳೇ ಅದರ ವಿಷಯ. ಸಂಸ್ಕೃತದಿಂದ ಸಾಧಿಸಲಾಗದೆ ವೈಯಾಕರಣರು ದೇಶ್ಯವೆಂದು ಬದಿಗಿಟ್ಟ ಪದಗಳನ್ನು ಹನ್ನೆರಡನೆಯ ಶತಮಾನದ ಹೇಮಚಂದ್ರ ‘ದೇಶೀನಾಮಮಾಲಾ’ದಲ್ಲಿ ಪೋಣಿಸಿದ್ದಾನೆ. ಅವುಗಳ ನಡುವೆ ಗ್ರಾಮವೆಂಬ ಅರ್ಥದ ‘ಊರ’, ಉದರವೆಂಬ ಅರ್ಥದ ‘ಪೊಟ್ಟ’, ವ್ಯಾಘ್ರವೆಂಬ ಅರ್ಥದ ‘ಪುಲ್ಲಿ’ ಕಾಣಸಿಗುತ್ತವೆ. ಗುಜರಾತಿನ ಓದುಗನಿಗೆ ಉರು ಹೊಡೆಯಬೇಕಾದ ಈ ಮಾತುಗಳಿಗೆ ಸೇಡಂನ ಶಾಲಾಬಾಲಕನಿಗೂ ನಿಘಂಟು ಬೇಡ.