ಹದಿನೈದು ನಿಮಿಷದ ಕಾಳಗ

ಜಾರ್ಜ್ ವಾಷಿಂಗ್ಟನ್ ಹೆಸರು ಕೇಳದವರು ಯಾರಿದ್ದಾರೆ? ಆದರೆ ತನಚಾರಿಸನ್ ಎಂಬ ಹೆಸರು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? 1754ರ ಮೇ 28ರಂದು ಇವರಿಬ್ಬರೂ ಸೇರಿ ನಡೆಸಿದ ಒಂದು ಸಣ್ಣ ಕಾಳಗ ಏಳು ವರ್ಷಗಳ ಮಹಾಯುದ್ಧಕ್ಕೆ ಕಿಡಿಯಾಯಿತು. ಆ ಯುದ್ಧದ ಬಿಸಿ ನಮ್ಮ ದಕ್ಷಿಣ ಭಾರತಕ್ಕೂ ತಟ್ಟಿತು. 1760ರಲ್ಲಿ ವಾಂಡಿವಾಷ್‌ನಲ್ಲಿ ಫ್ರೆಂಚರು ಸೋತರು. ಮರುವರ್ಷ ಪಾಂಡಿಚೇರಿ ಇಂಗ್ಲಿಷರ ವಶವಾಯಿತು.

ಉತ್ತರ ಅಮೆರಿಕದ ಓಹಿಯೋ ನದಿಯ ಕಣಿವೆ ತಮ್ಮದೆಂದು ಫ್ರೆಂಚರು ಹೇಳುತ್ತಿದ್ದರು, ಇಂಗ್ಲಿಷರೂ ಹೇಳುತ್ತಿದ್ದರು. ಅಲ್ಲಿ ಬಾಳುತ್ತಿದ್ದವರು ಮಾತ್ರ ನಮ್ಮ ಪಠ್ಯಪುಸ್ತಕಗಳು 'ರೆಡ್ ಇಂಡಿಯನ್ನರು' ಎಂದು ಕರೆದ ಮೂಲನಿವಾಸಿಗಳು. ತನಚಾರಿಸನ್ ಅವರ ನಾಯಕರಲ್ಲೊಬ್ಬ. ಇರೊಕ್ವಾ ಒಕ್ಕೂಟದ ಪರವಾಗಿ ಮಾತನಾಡುತ್ತಿದ್ದ ಈತನನ್ನು ಇಂಗ್ಲಿಷರು 'ಹಾಫ್ ಕಿಂಗ್', ಅಂದರೆ ಅರೆ ದೊರೆ ಎನ್ನುತ್ತಿದ್ದರು. 1753ರಲ್ಲಿ ಈತ ಫ್ರೆಂಚರ ಬಳಿ ಹೋಗಿ, ನಮ್ಮ ನೆಲ ಬಿಟ್ಟು ಹೋಗಿ ಎಂದಾಗ ಅವರು ಅವಮಾನಿಸಿ ಕಳಿಸಿದ್ದರು.

ಮರುವರ್ಷ ಮೇ 27ರ ರಾತ್ರಿ ವಾಷಿಂಗ್ಟನ್‌ಗೆ ಆತನಿಂದ ಸುದ್ದಿ ಬಂತು: ಫ್ರೆಂಚರ ತಂಡವೊಂದು ಹತ್ತಿರದ ಕಂದರದಲ್ಲಿ ಅಡಗಿದೆ. 22 ವರ್ಷದ ವಾಷಿಂಗ್ಟನ್ ಸುಮಾರು 40 ಸೈನಿಕರೊಂದಿಗೆ ಮಳೆಯಲ್ಲಿ, ಕಗ್ಗತ್ತಲಲ್ಲಿ ಹೊರಟ. ಏಳು ಮಂದಿ ದಾರಿಯಲ್ಲೇ ತಪ್ಪಿಹೋದರು. ಫ್ರೆಂಚರ ಬಿಡಾರವನ್ನು ತೋರಿಸಿಕೊಟ್ಟವರು ಮೂಲನಿವಾಸಿಗಳೇ. ಗುಂಡಿನ ಕಾಳಗ ನಡೆದದ್ದು ಸುಮಾರು ಹದಿನೈದು ನಿಮಿಷ. ಓಡಲೆತ್ನಿಸಿದ ಫ್ರೆಂಚರಿಗೆ ಹಿಂದೆ ದಾರಿ ಕಟ್ಟಿ ನಿಂತಿದ್ದವರು ತನಚಾರಿಸನ್‌ನ ಹತ್ತು ಹನ್ನೆರಡು ಯೋಧರು. ವಿಧಿಯಿಲ್ಲದೆ ಫ್ರೆಂಚರು ಶರಣಾದರು. ಸುಮಾರು ಹತ್ತು ಮಂದಿ ಸತ್ತರು, 21 ಮಂದಿ ಸೆರೆಯಾದರು. ಅವರ ನಾಯಕ ಜುಮೋನ್‌ವಿಲ್‌ನನ್ನು ತನಚಾರಿಸನ್ ತನ್ನ ಕೊಡಲಿಯಿಂದ ಕೊಂದನೆಂದು ಒಂದು ಹೇಳಿಕೆ ಇದೆ. ಮೊದಲು ಗುಂಡು ಹಾರಿಸಿದವರು ಯಾರು ಎಂಬ ಬಗ್ಗೆ ಎರಡೂ ಕಡೆಯವರ ಮಾತು ಇಂದಿಗೂ ಹೊಂದುವುದಿಲ್ಲ.

ಆತ ಇಂಗ್ಲಿಷರ ಕೂಲಿಯಾಳಾಗಿ ಹೋರಾಡಿದ್ದೇ? ಅಲ್ಲ. ಓಹಿಯೋದ ಜನರನ್ನೆಲ್ಲ ಫ್ರೆಂಚರ ವಿರುದ್ಧ ಒಂದುಗೂಡಿಸುವುದು ಅವನ ಲೆಕ್ಕಾಚಾರವಾಗಿತ್ತು. ಅದು ಕೈಗೂಡಲಿಲ್ಲ. ವಾಷಿಂಗ್ಟನ್ ಬಯಲಿನಲ್ಲಿ ಕಟ್ಟಿದ ಪುಟ್ಟ ಕೋಟೆ ನಿಲ್ಲದೆಂದು ಕಂಡ ತನಚಾರಿಸನ್ ತನ್ನವರೊಂದಿಗೆ ಹೊರಟುಹೋದ. ವಾಷಿಂಗ್ಟನ್ ತಮ್ಮನ್ನು ಗುಲಾಮರಂತೆ ಕಾಣುತ್ತಾನೆ, ಸಲಹೆ ಕೇಳುವುದಿಲ್ಲ ಎಂಬುದು ಅವನ ದೂರು. ಜುಲೈ 3ರಂದು ಅವನ ಮಾತೇ ನಿಜವಾಯಿತು. ಜುಮೋನ್‌ವಿಲ್‌ನ ಸಹೋದರನ ಸೈನ್ಯ ಆ ಕೋಟೆಯನ್ನು ಮಣಿಸಿತು. ಅದೇ ಅಕ್ಟೋಬರ್‌ನಲ್ಲಿ ತನಚಾರಿಸನ್ ಕಾಯಿಲೆಯಿಂದ ತೀರಿಕೊಂಡ.

1763ರ ಪ್ಯಾರಿಸ್ ಒಪ್ಪಂದದಲ್ಲಿ ಓಹಿಯೋ ನೆಲ ಇಂಗ್ಲಿಷರಿಗೆ ಹೋಯಿತು. ಆ ನೆಲದ ಮಕ್ಕಳನ್ನು ಒಪ್ಪಂದಕ್ಕೆ ಯಾರೂ ಕರೆಯಲಿಲ್ಲ. ಓದುಗರೇ, ಮುಂದೆ ಯಾವುದೇ ಯುದ್ಧದ ಕಥೆ ಓದುವಾಗ ಗೆದ್ದವರು ಯಾರು ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ: ಆ ನೆಲ ಯಾರದಾಗಿತ್ತು?